ಮಗಳಿಗೊಂದು ಪತ್ರ: ನೀನು ಕೇಳಿದ ಆ ಮೂರು ತಿಂಗಳು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಮೊದಲ ಸಂಬಳದಲ್ಲಿ ಕೊಂಡ ಸೈಕಲ್ಲು. ಕದ್ದ ಹುಡುಗನಿಗೆ ಕೋರ್ಟು ಜೈಲು ಕೊಡದೆ, 120 ಗಂಟೆ ಸಮುದಾಯ ಸೇವೆ, ಅಂದರೆ ಸಂಬಳವಿಲ್ಲದೆ ಜನರಿಗೆ ಉಪಯೋಗವಾಗುವ ಕೆಲಸ, ಮಾಡು ಅಂತ ಹೇಳಿ ಕಳಿಸಿದೆ. "ಮೂರು ತಿಂಗಳಾದ್ರೂ ಒಳಗೆ ಹಾಕ್ಬೇಕಿತ್ತಮ್ಮಾ" ಅಂದೆ. ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮೂರು ತಿಂಗಳ ಬಗ್ಗೆ ನನಗೆ ಹೇಳುವುದಿದೆ. ಫೋನಿನಲ್ಲಾದರೆ ಜಗಳ ಆಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ನಮ್ಮ ಆಫೀಸಿನಲ್ಲಿ ಡ್ರೈವರ್ ಒಬ್ಬರಿದ್ದರು. ಸಣ್ಣ ಕೇಸೊಂದರಲ್ಲಿ ಅವರಿಗೆ ಎರಡು ತಿಂಗಳು ಜೈಲಾಯಿತು. ತಪ್ಪು ಅವರದ್ದೇ, ಒಪ್ಪಿಕೊಂಡೂ ಇದ್ದರು. ಬಿಡುಗಡೆಯಾದ ಮೇಲೆ ಆಫೀಸಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬೆಲ್ಟು, ನಿಂತುಹೋದ ವಾಚು, ಮನೆಯ ಬೀಗದ ಕೈ. ಬಾಡಿಗೆ ಬಂದಿಲ್ಲ ಅಂತ ಓನರ್ ಅಷ್ಟರಲ್ಲಿ ಬೀಗ ಬದಲಾಯಿಸಿದ್ದರು. ಹೆಂಡತಿ, ಮಕ್ಕಳು ತವರಿಗೆ ಹೋಗಿಯಾಗಿತ್ತು. ಆಫೀಸಿನಲ್ಲೂ ಹೊಸ ಡ್ರೈವರ್ ಬಂದಿದ್ದರು. ಮಾತಾಡುವಷ್ಟು ಹೊತ್ತೂ ಅವರು ಆ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದರು. ನನಗೆ ಅದನ್ನು ನೋಡಲಾಗಲಿಲ್ಲ, ಪುಟ್ಟಿ.

ಕೆಲಸ, ಮನೆ ಕಳೆದುಕೊಳ್ಳುವುದಕ್ಕೆ ಎರಡು ಮೂರು ತಿಂಗಳು ಧಾರಾಳ ಸಾಕು. ಕುಡಿತ ಬಿಡಿಸುವುದಕ್ಕೋ ಕಸುಬು ಕಲಿಸುವುದಕ್ಕೋ ಸಾಲುವುದಿಲ್ಲ. ಜೈಲಿನಲ್ಲಿ ಅಂಥದ್ದಕ್ಕೆ ಹೆಸರು ಬರೆಸಿ ಸರದಿ ಬರುವಷ್ಟರಲ್ಲಿ ಬಿಡುಗಡೆಯೇ ಆಗಿಬಿಡುತ್ತದೆ. ಅಷ್ಟು ದಿನ ಪಕ್ಕದಲ್ಲಿ ಮಲಗುವವರು ಎಂಥವರು ಅನ್ನೋದು ಬೇರೆ.

ಆಗಿನ ಪಶ್ಚಿಮ ಜರ್ಮನಿ ಇದನ್ನು 1969ರಲ್ಲೇ ಕಂಡುಕೊಂಡಿತು. ಆರು ತಿಂಗಳಿಗಿಂತ ಕಡಿಮೆ ಜೈಲು ಅಪರೂಪಕ್ಕೆ ಮಾತ್ರ ಅಂತ ಕಾನೂನು ಮಾಡಿತು. ಸ್ಕಾಟ್ಲೆಂಡ್ ಇಂಥದ್ದೇ ನಿಯಮವನ್ನು 2011ರಲ್ಲಿ ಮೂರು ತಿಂಗಳವರೆಗಿನ ಶಿಕ್ಷೆಗಳಿಂದ ಶುರುಮಾಡಿ, 2019ರಲ್ಲಿ ಒಂದು ವರ್ಷದವರೆಗೂ ತಂದಿತು. ಅಲ್ಲಿ ಜಡ್ಜ್ ಈಗಲೂ ಜೈಲಿಗೆ ಕಳಿಸಬಹುದು, ಆದರೆ ಯಾಕೆ ಅಂತ ಬರೆದಿಡಬೇಕು. ಈ ನಿಯಮ ನನಗೆ ತುಂಬಾ ಹಿಡಿಸಿತು. ಒಬ್ಬರ ಬದುಕು ಅಲುಗಾಡಿಸುವ ಮುಂಚೆ ಕಾರಣ ಬರೆಯಲೇಬೇಕು, ಅಲ್ವಾ? ನಮ್ಮ ಹೊಸ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ 2024ರ ಜುಲೈನಿಂದ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಬಂದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ನ್ಯಾಯ ಇಲಾಖೆ 2019ರಲ್ಲಿ ಒಂದೇ ಥರದ ಅಪರಾಧಿಗಳನ್ನು ಹೋಲಿಸಿ ನೋಡಿತು. ಒಂದು ವರ್ಷದೊಳಗಿನ ಜೈಲಿಗೆ ಹೋದವರಲ್ಲಿ ಮತ್ತೆ ತಪ್ಪು ಮಾಡಿದವರು, ಹೊರಗಿದ್ದೇ ಶಿಕ್ಷೆ ಮುಗಿಸಿದವರಿಗಿಂತ ನೂರಕ್ಕೆ ಸುಮಾರು 4 ಜನ ಜಾಸ್ತಿ. ನಾಲ್ಕೇ ತಾನೇ ಅನ್ನಬೇಡ. ಆ ನಾಲ್ವರಿಂದ ನಿನ್ನ ಹಾಗೆ ಅತ್ತವರೂ ಇದ್ದಾರೆ.

ಎಲ್ಲರನ್ನೂ ಹೊರಗೆ ಬಿಡಿ ಅಂತ ನಾನು ಹೇಳುವುದಿಲ್ಲ. ಹೆಂಡತಿಗೆ ಹೊಡೆಯುವವನು ಒಂದು ತಿಂಗಳು ಒಳಗಿದ್ದರೂ ಅವಳು ಉಸಿರಾಡಿಕೊಂಡಾಳು. ಇನ್ನು ಸೇವೆಯ ಶಿಕ್ಷೆಗೂ ಲೆಕ್ಕ ಇಡುವ, ತಪ್ಪಿಸಿಕೊಂಡರೆ ಮತ್ತೆ ಕೋರ್ಟಿಗೆ ಎಳೆದು ತರುವ ಅಧಿಕಾರಿಗಳು ಬೇಕು. ಅದಕ್ಕೆ ದುಡ್ಡು ಹಾಕದೆ ಸುಮ್ನೆ ಜೈಲು ತಪ್ಪಿಸಿದರೆ ಅದು ನಿನಗೆ ಮಾಡುವ ಮೋಸ.

120 ಗಂಟೆ ಅಂದರೆ ಎಷ್ಟು, ಲೆಕ್ಕ ಹಾಕಿದೆಯಾ? ವಾರಕ್ಕೊಂದು ರಜಾದಿನದಲ್ಲಿ ಎಂಟು ಗಂಟೆ ಸೇವೆ ಅಂತ ಹಿಡಿದರೆ ಹದಿನೈದು ವಾರ. ನೀನು ಕೇಳಿದ ಮೂರು ತಿಂಗಳಿಗಿಂತ ಜಾಸ್ತಿಯೇ ಆಯಿತು. ಉಳಿದ ದಿನ ಅವನು ಕೆಲಸಕ್ಕೆ ಹೋಗಬಹುದು. ನಿನ್ನ ವಕೀಲರನ್ನು ಒಂದು ಮಾತು ಕೇಳು, ಪರಿಹಾರಕ್ಕೆ ಅರ್ಜಿ ಹಾಕಬಹುದಾ ಅಂತ. ಅವನು ಹೊರಗಿದ್ದು ದುಡಿದರೆ ತಾನೇ ಸೈಕಲ್ಲಿನ ದುಡ್ಡು ನಿನ್ನ ಕೈ ಸೇರೋದು?

ಇಂತಿ ನಿನ್ನ,
ಅಮ್ಮ