ಹೆಂಚು ಬಿದ್ದ ಡಿಸೆಂಬರಿನಲ್ಲಿ ನಮಗೆ ಜಾಗ ಕೊಟ್ಟವರಿಗೆ

ಪ್ರತಿ ಜನವರಿಯಲ್ಲಿ ನಮ್ಮ ಕ್ರೈಸ್ತ ಸಭೆಯ ವಾರ್ಷಿಕ ವರದಿಯನ್ನು ಸಿದ್ಧಪಡಿಸುವಾಗ ಕೊನೆಯ ಪುಟದಲ್ಲಿ “ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ವಂದನೆಗಳು” ಎಂಬ ಸಾಲನ್ನು ಸೇರಿಸುವುದು ಕಾರ್ಯದರ್ಶಿಯಾದ ನನ್ನ ಕೆಲಸ. ಹಿಂದಿನ ವರ್ಷದ ಪ್ರತಿಯಿಂದ ಆ ಸಾಲನ್ನು ಹಾಗೆಯೇ ಎತ್ತಿ ಬರೆಯುತ್ತಿದ್ದೆನೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಸಹಕರಿಸಿದವರು ಬಹುಮಟ್ಟಿಗೆ ನಾವು ನಾವೇ ಆಗಿರುತ್ತಿದ್ದೆವು. ಮಳೆಗೆ ನಮ್ಮ ಆರಾಧನಾ ಮಂದಿರದ ಸೂರು ಬಿದ್ದ 2024ರ ಡಿಸೆಂಬರಿನ ಮಟ್ಟಿಗೆ ಆ ಸಾಲು ಸಾಲದು. ಆ ತಿಂಗಳು ನಮಗೆ ನೆರವಾದವರಲ್ಲಿ ಹೆಚ್ಚಿನವರು ನಮ್ಮ ಸಭೆಯ ವರದಿಯನ್ನು ಓದುವವರಲ್ಲ, ನಮ್ಮ ಆರಾಧನೆಗೆ ಬರುವವರೂ ಅಲ್ಲ. ಆದ್ದರಿಂದ ಈ ಕೃತಜ್ಞತೆಯನ್ನು ಎಲ್ಲರೂ ನೋಡುವಂತೆ ಬರೆಯಬೇಕೆಂದು ಸದಸ್ಯರ ಸಭೆಯಲ್ಲಿ ತೀರ್ಮಾನವಾಯಿತು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವ ಕಾರಣ ಯಾರ ಹೆಸರನ್ನೂ ಬರೆದಿಲ್ಲ. ಓದಿದಾಗ ಅವರವರಿಗೆ ತಿಳಿಯುತ್ತದೆ.

ಕೋಲಾರದಲ್ಲಿರುವ ನಮ್ಮದು ಸಣ್ಣ ಬ್ಯಾಪ್ಟಿಸ್ಟ್ ಸಭೆ. ಕೆಲವು ಕುಟುಂಬಗಳು ನೆಲ್ಲೂರು, ಒಂಗೋಲಿನ ಕಡೆಯಿಂದ ಎರಡು ಮೂರು ತಲೆಮಾರುಗಳ ಹಿಂದೆ ಬಂದವು. ಕೆಲವು ಕುಟುಂಬಗಳು ಕೆ.ಜಿ.ಎಫ್‌ನಲ್ಲಿ ಗಣಿ ಕೆಲಸದಲ್ಲಿದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ನೆಲೆಸಿದವು; ಉಳಿದವರು ಇಲ್ಲಿಯವರೇ. ಪ್ರಾರ್ಥನೆ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ, ಅಡುಗೆಮನೆಯ ಮಾತು ತಮಿಳಿನಲ್ಲಿ ಎಂದು ನಮ್ಮ ಹುಡುಗರು ತಮಾಷೆ ಮಾಡುತ್ತಾರೆ. ಬ್ಯಾಪ್ಟಿಸ್ಟ್ ಪದ್ಧತಿಯಲ್ಲಿ ಪ್ರತಿ ಸಭೆಯೂ ಸ್ವತಂತ್ರ. ಮೇಲೆ ಬಿಷಪ್ಪರಿಲ್ಲ, ಕಷ್ಟ ಬಂದಾಗ ಅರ್ಜಿ ಹಾಕಿಕೊಳ್ಳಲು ಡಯಾಸಿಸ್ ಕಚೇರಿಯಿಲ್ಲ. ಸಭಾಪಾಲಕರನ್ನು ಕರೆಯುವುದರಿಂದ ಹಿಡಿದು ಹೆಂಚು ಬದಲಾಯಿಸುವವರೆಗೆ ಎಲ್ಲವನ್ನೂ ಸದಸ್ಯರು ಕೈ ಎತ್ತಿ ನಿರ್ಧರಿಸಬೇಕು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ನಮಗೆ ಡಿಸೆಂಬರ್ 2ರ ಬೆಳಿಗ್ಗೆ ಅದರ ಭಾರ ತಿಳಿಯಿತು.

ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಗೂ ಬಂತು. ಮರುದಿನ, ಡಿಸೆಂಬರ್ 1, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ, ಅಂದರೆ ಅಡ್ವೆಂಟಿನ, ಮೊದಲನೆಯ ಭಾನುವಾರ. ಹಳಬರಲ್ಲಿ ಕೆಲವರಿಗೆ ಈ ಅಡ್ವೆಂಟ್ ಆಚರಣೆಯ ಬಗ್ಗೆ ಇಂದಿಗೂ ತಕರಾರಿದೆ, ಮತ್ತು ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಹಬ್ಬಗಳ ಪಂಚಾಂಗ ಹಿಡಿದು ನಡೆಯುವುದು ಬ್ಯಾಪ್ಟಿಸ್ಟರ ಹಳೆಯ ವಾಡಿಕೆಯಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಿಂದ ನಮ್ಮಲ್ಲಿಗೆ ಸೊಸೆಯಾಗಿ ಬಂದ ಸಂಡೇ ಸ್ಕೂಲ್ ಟೀಚರೊಬ್ಬರು ಮಕ್ಕಳಿಗಾಗಿ ನಾಲ್ಕು ಮೇಣದಬತ್ತಿಗಳ ಚಕ್ರವನ್ನು ತಂದರು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖರ್ನ್ ಎಂಬವರು ಅನಾಥಾಶ್ರಮದ ಮಕ್ಕಳಿಗೆ ಕ್ರಿಸ್ಮಸ್ಸಿಗೆ ಇನ್ನೆಷ್ಟು ದಿನ ಎಂದು ಎಣಿಸಲು ಗಾಡಿಯ ಚಕ್ರದ ಮೇಲೆ ಮೇಣದಬತ್ತಿಗಳನ್ನು ಹಚ್ಚಿಟ್ಟಿದ್ದರಂತೆ. ಅದು ಮಕ್ಕಳ ಲೆಕ್ಕವೇ ಹೊರತು ಶಾಸ್ತ್ರವಲ್ಲ ಎಂದು ಆಕೆ ವಾದಿಸಿದ ಮೇಲೆ ಹಿರಿಯರು ಸುಮ್ಮನಾದರು. ನಮ್ಮ ಚಕ್ರಕ್ಕೆ ಸರ್ವೆ ಮರದ ಸೊಪ್ಪು ಸುತ್ತುತ್ತೇವೆ. ಆ ಭಾನುವಾರ ಮೊದಲ ಬತ್ತಿ ಹಚ್ಚಿದಾಗ ಹೆಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ನಮ್ಮ ಸಭಾಪಾಲಕರಾದ ಅಯ್ಯನವರು ಪ್ರಸಂಗವನ್ನು, ಅಂದರೆ ಬೋಧನೆಯನ್ನು, ಅರ್ಧಕ್ಕೇ ಮುಗಿಸಿದರು. ನಾವೆಲ್ಲ ಒಳಗೊಳಗೇ ಸಂತೋಷಪಟ್ಟೆವು.

ಸೋಮವಾರ ಬೆಳಗಿನ ಜಾವ ಹಿಂಭಾಗದ ಮಣ್ಣಿನ ಗೋಡೆ ನೆನೆದು ಕುಸಿದು, ಅದರ ಮೇಲೆ ಕೂತಿದ್ದ ತೊಲೆ ಜಾರಿ, ಮಂಗಳೂರು ಹೆಂಚುಗಳ ಅರ್ಧ ಸೂರು ವೇದಿಕೆಯ ಮೇಲೆ ಬಿತ್ತು. ದೀಕ್ಷಾಸ್ನಾನದ ತೊಟ್ಟಿ ಇರುವುದು ಆ ವೇದಿಕೆಯ ಕೆಳಗೆ. ಅದು ಬಿರುಕು ಬಿಟ್ಟಿತು. ಹಾರ್ಮೋನಿಯಂ, ಮೇಣದಬತ್ತಿಯ ಚಕ್ರ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಸಣ್ಣ ಗಾಜಿನ ಲೋಟಗಳು ಎಲ್ಲವೂ ಅಲ್ಲೇ ಇದ್ದವು. ಸದ್ಯ, ಒಳಗೆ ಯಾರೂ ಇರಲಿಲ್ಲ. ಮೊದಲು ಬಂದವರು ಬೆಸ್ಕಾಂ ಲೈನ್‌ಮ್ಯಾನ್. ನೆನೆದ ಗೋಡೆಯಲ್ಲಿ ಕರೆಂಟು ಹರಿಯುತ್ತಿರಬಹುದೆಂದು ಎದುರು ಮನೆಯವರು ಫೋನ್ ಮಾಡಿದ ಅರ್ಧ ಗಂಟೆಯೊಳಗೆ ಮಳೆಯಲ್ಲೇ ಕಂಬ ಹತ್ತಿ ಸಂಪರ್ಕ ಕಿತ್ತು, ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರನ್ನೂ ಒಳಗೆ ಬಿಡದಂತೆ ಗದರಿದರು. ಆ ಗದರಿಕೆಗೆ ಈ ಬರಹದ ಮೊದಲ ವಂದನೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ರೀಪುಗಳಿಗೆ ಗೆದ್ದಲು ಹತ್ತಿದೆ, ಹಿಂದಿನ ಗೋಡೆ ಬುಡದಲ್ಲಿ ಉಬ್ಬಿದೆ ಎಂದು ನಮ್ಮ ಖಜಾಂಚಿ ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು. ಮುಂದಿನ ವರ್ಷ ನೋಡೋಣ ಎಂದು ನಡಾವಳಿ ಪುಸ್ತಕದಲ್ಲಿ ಬರೆದ ಕೈ ನನ್ನದೇ. ನಡುವೆ ಒಬ್ಬ ಮೇಸ್ತ್ರಿಗೆ ಮುಂಗಡವನ್ನೂ ಕೊಟ್ಟಿದ್ದೆವು; ಅವರು ಒಂದು ದಿನ ಬಂದು ಅಳತೆ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ಖಜಾಂಚಿಯವರು ಆ ಸೋಮವಾರ “ನಾನು ಹೇಳಿರಲಿಲ್ಲವೇ” ಎನ್ನದೆ ಪೊರಕೆ ಹಿಡಿದುಕೊಂಡರು. ಅವರಿಗೆ ನಾನು ಪ್ರತ್ಯೇಕವಾಗಿ ಋಣಿ.

ಎರಡನೆಯ ಮತ್ತು ಮೂರನೆಯ ಭಾನುವಾರದ ಆರಾಧನೆ ನಡೆದದ್ದು ಟೊಮೆಟೊ ಗೋದಾಮಿನಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಎ.ಪಿ.ಎಂ.ಸಿ. ಮಂಡಿ ವ್ಯಾಪಾರಿಯಾದ ಸಾಹೇಬರೊಬ್ಬರು ಖಾಲಿ ಕ್ರೇಟುಗಳನ್ನು ಜೋಡಿಸಿಡುವ ಒಂದು ಶೆಡ್ ಇದೆ. ನಾವು ಕೇಳಲು ಹೋಗುವ ಮೊದಲೇ ಅವರ ಮಗ ಬೀಗದ ಕೈಯನ್ನು ಅಯ್ಯನವರ ಮನೆಗೆ ತಂದುಕೊಟ್ಟ. ಹದಿನೈದು ಕಿಲೋ ಹಿಡಿಯುವ ಆ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿದರೆ ಮಕ್ಕಳಿಗೆ ಒಳ್ಳೆಯ ಆಸನ, ಎರಡನ್ನು ಒಂದರ ಮೇಲೊಂದು ಇಟ್ಟರೆ ದೊಡ್ಡವರಿಗೂ ಆದೀತು, ಮೂರಿಟ್ಟರೆ ಅದೇ ಪ್ರಸಂಗ ಪೀಠ. ಹೆಂಚಿನಡಿ ಸಿಕ್ಕಿದ ಚಕ್ರ ಚೂರಾಗಿದ್ದರಿಂದ ಒಂದು ಕೆಂಪು ಕ್ರೇಟಿನ ನಾಲ್ಕು ಮೂಲೆಗೆ ನಾಲ್ಕು ಮೇಣದಬತ್ತಿಗಳನ್ನು ಅಂಟಿಸಿ ಮಕ್ಕಳು ಎರಡನೆಯದನ್ನು ಹಚ್ಚಿದರು. ಶುಕ್ರವಾರದ ಸ್ತ್ರೀಯರ ಕೂಟಕ್ಕೂ ಅದೇ ಶೆಡ್ ಆಯಿತು. ನಮಾಜಿನ ಹೊತ್ತಾದ ಕಾರಣ ಆ ದಿನ ಹಾಡನ್ನು ಸ್ವಲ್ಪ ತಡವಾಗಿ ಆರಂಭಿಸುತ್ತೇವೆ ಎಂದು ನಮ್ಮ ಹೆಂಗಸರು ಹೇಳಿಕಳುಹಿಸಿದರೆ, ಹಾಡಿಕೊಳ್ಳಿ, ಮಸೀದಿ ದೂರವಿದೆ ಎಂದು ಸಾಹೇಬರ ಮನೆಯಿಂದ ಉತ್ತರ ಬಂತು. ಜೊತೆಗೆ ಒಂದು ಫ್ಲಾಸ್ಕ್ ತುಂಬ ಚಹಾ.

ಹಾರ್ಮೋನಿಯಮ್ಮಿನ ವಿಷಯವನ್ನು ಬಿಡುವಂತಿಲ್ಲ. ನೀರು ಕುಡಿದು ತಿದಿಯ ಅಂಟು ಬಿಟ್ಟಿತ್ತು. ಕೋಟೆ ಪ್ರದೇಶದಲ್ಲಿ ಭಜನಾ ಮಂಡಳಿಗಳ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಬಿಚ್ಚಿ, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಒರೆಸಿ, ತಿದಿಗೆ ಹೊಸ ಚರ್ಮ ಹಾಕಿ ಎಂಟು ದಿನದಲ್ಲಿ ಕೊಟ್ಟರು. ಚರ್ಮದ ಬೆಲೆ ತೆಗೆದುಕೊಂಡರೇ ಹೊರತು ಕೂಲಿ ಮುಟ್ಟಲಿಲ್ಲ. ಒಂದು ಸ್ವರ ಮಾತ್ರ ಇನ್ನೂ ಅಪಸ್ವರವಾಗಿಯೇ ಕೇಳುತ್ತದೆ. ಅದು ಮಳೆಗೆ ಮುಂಚಿನಿಂದಲೂ ಹಾಗೆಯೇ ಇತ್ತೆಂದು ಅವರು ಪತ್ತೆ ಹಚ್ಚಿದ ಮೇಲೆ ನಮ್ಮ ಹಾಡುಗಾರರ ಹಲವು ವರ್ಷಗಳ ದೂರು ನಿಜವೆಂದು ಸಾಬೀತಾಯಿತು.

ಮನೆ ಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ಸುತ್ತು ಡಿಸೆಂಬರ್ ಎರಡನೆಯ ವಾರದಿಂದ ನಡೆಯಿತು. ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿ ಬರುವ ಯುವಕರು ರೈಲು, ಬಸ್ಸು ಇಳಿದು ಊರು ಸೇರುವಷ್ಟರಲ್ಲಿ ಎಂಟೂವರೆ ಆಗುವುದರಿಂದ ನಮ್ಮ ಕ್ಯಾರಲ್ ಒಂಬತ್ತಕ್ಕೆ ಮೊದಲು ಹೊರಡುವುದಿಲ್ಲ. ಆ ಚಳಿಯಲ್ಲಿ ಹಾಡುವವರಿಗಿಂತ ಬಾಗಿಲು ತೆರೆದು ಕಾಯುವವರಿಗೇ ಕಷ್ಟ ಹೆಚ್ಚು. ಕಲ್ಕಲ್, ಕಜ್ಜಾಯ, ರೋಸ್ ಕುಕ್ಕಿ ಎಲ್ಲ ಮನೆಗಳಲ್ಲೂ ಇದ್ದವು. ಒಂದು ಮನೆಯಲ್ಲಿ ಮಾತ್ರ ಹನ್ನೊಂದು ಗಂಟೆ ರಾತ್ರಿಯಲ್ಲಿ ಹಿತಕಿದ ಅವರೆಬೇಳೆ ಸಾರು ಮತ್ತು ಮುದ್ದೆ ಸಿದ್ಧವಾಗಿತ್ತು, ಮತ್ತು ಆ ಮನೆಗೆ ಈ ವರ್ಷ ಕ್ರಿಸ್ಮಸ್ ತಾತ ಎರಡು ಸಲ ಹೋಗಿಬಂದನೆಂಬ ಗುಮಾನಿ ನನಗಿದೆ. ಕ್ಯಾರಲ್ ಕಾಣಿಕೆಯಿಂದ ಪ್ರತಿ ವರ್ಷ ಬಸ್ ನಿಲ್ದಾಣದ ಸುತ್ತ ಮಲಗುವವರಿಗೆ ಕಂಬಳಿ ಹಂಚುತ್ತೇವೆ. ಈ ಸಲ ಆ ಹಣವನ್ನು ಸೂರಿಗೆ ಹಾಕಬೇಕೆಂದು ನಾನೇ ಸೂಚನೆ ಮಂಡಿಸಿದೆ. ನಮಗೆ ಸೂರಿಲ್ಲದ್ದು ಭಾನುವಾರ ಎರಡು ಗಂಟೆಯಷ್ಟೇ, ಅವರಿಗೆ ಇಡೀ ರಾತ್ರಿ ಎಂದು ಕೆ.ಜಿ.ಎಫ್‌ನಿಂದ ಬಂದ ವಿಧವೆ ತಾಯಿಯೊಬ್ಬರು ಎದ್ದು ಹೇಳಿದರು. ಕೈ ಎತ್ತಿಸಿದಾಗ ನನ್ನ ಸೂಚನೆ ಬಿದ್ದುಹೋಯಿತು.

ಡಿಸೆಂಬರ್ 22, ನಾಲ್ಕನೆಯ ಭಾನುವಾರ. ನಮ್ಮಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ; ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಾದರೂ ತಿಳಿವಳಿಕೆ ಬಂದ ಮೇಲೆ ತಾವೇ ಬಂದು ಕೇಳಿಕೊಂಡು, ಸಭೆಯ ಮುಂದೆ ಸಾಕ್ಷಿ ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಬೇಕು. ನಾಲ್ವರು ಆ ದಿನಕ್ಕೆಂದು ಮೂರು ತಿಂಗಳಿಂದ ಪಾಠ ಕಲಿಯುತ್ತಿದ್ದರು, ತೊಟ್ಟಿ ಒಡೆದಿತ್ತು. ಹಿಂದಿನವರಂತೆ ಕೆರೆಗೆ ಹೋಗೋಣವೆಂದರೆ, 2018ರಿಂದ ಈಚೆಗೆ ನಮ್ಮ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅಂತರ್ಜಲಕ್ಕೆ ಅದರಿಂದ ಒಳ್ಳೆಯದಾಗಿರಬಹುದು, ಅದರಲ್ಲಿ ಮುಳುಗೇಳಲು ಮಾತ್ರ ಮಕ್ಕಳ ತಾಯಂದಿರು ಒಪ್ಪಲಿಲ್ಲ. ಆಗ ವೇಮಗಲ್ ರಸ್ತೆಯಲ್ಲಿ ತೋಟವಿರುವ ಗೌಡರೊಬ್ಬರು, ನಮ್ಮ ಸಭಾಸೇವಕರೊಬ್ಬರ ಶಾಲೆಯ ಗೆಳೆಯ, ಬೋರ್‌ವೆಲ್ ಪಕ್ಕದ ಸಿಮೆಂಟ್ ತೊಟ್ಟಿ ಆದೀತೇ ನೋಡಿ ಎಂದರು.

ಹತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳದ ತೊಟ್ಟಿ ಅದು. ಶನಿವಾರ ಅದರ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದರು. ತ್ರೀ ಫೇಸ್ ಕರೆಂಟು ಆ ವಾರ ರಾತ್ರಿ ಪಾಳಿಯಲ್ಲಿ ಬರುತ್ತಿದ್ದುದರಿಂದ ಗೌಡರು ಎರಡು ಗಂಟೆಗೆ ಎದ್ದು ಮೋಟಾರು ಹಾಕಿ, ಟಾರ್ಚು ಹಿಡಿದು, ತುಂಬುವವರೆಗೆ ಅಲ್ಲೇ ಕೂತಿದ್ದರಂತೆ. ಸಾವಿರದ ಇನ್ನೂರು ಅಡಿ ಆಳದ ನೀರನ್ನು ಈ ಜಿಲ್ಲೆಯಲ್ಲಿ ಯಾರೂ ಸುಮ್ಮನೆ ಹರಿಸುವುದಿಲ್ಲ. ನಾವು ಏಳು ಗಂಟೆಗೆ ತಲುಪಿದಾಗ ಸುತ್ತ ಮಂಜು, ನೀರಿನ ಮೇಲೆ ಸಣ್ಣಗೆ ಹಬೆ. ಕೈಯಿಟ್ಟು ನೋಡಿದೆ; ಬೆಚ್ಚಗಿತ್ತು. ಒಂಗೋಲಿನ ಕಡೆಯ ಅಜ್ಜಿಯೊಬ್ಬರು ತೊಟ್ಟಿಯ ಕಟ್ಟೆಯ ಮೇಲೆ ಕೂತು, ಬರಗಾಲ ಮುಗಿದ ಮೇಲೆ 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದ ಕಥೆಯನ್ನು ಆರಂಭಿಸಿದರು. ಅದು ಮುಗಿಯುವಂಥದ್ದಲ್ಲವಾದ್ದರಿಂದ ಅಯ್ಯನವರು ನೀರಿಗಿಳಿದೇಬಿಟ್ಟರು. ನಾಲ್ವರಲ್ಲಿ ಕೊನೆಯವಳು, ನರ್ಸಿಂಗ್ ಓದುವ ಹುಡುಗಿ, ನಂಬುತ್ತೀಯಾ ಎಂಬ ಪ್ರಶ್ನೆಗೆ ಎರಡು ಸಲ ಬಾಯಿ ತೆರೆದರೂ ಸ್ವರ ಹೊರಡಲಿಲ್ಲ. ಮೂರನೆಯ ಸಲ “ನಂಬುತ್ತೇನೆ” ಎಂದದ್ದು ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರಿಗೂ ಕೇಳಿಸಿ, ಅವರು ತಲೆಯೆತ್ತಿ ನೋಡಿದರು. ಎಲ್ಲ ಮುಗಿದ ಮೇಲೆ ಗೌಡರ ತಾಯಿ ನಾಲ್ವರಿಗೂ ಬಿಸಿ ಕಾಫಿ ಕೊಟ್ಟು, “ಒಂದೇ ಸಲ ಮುಳುಗಿಸೋದಾ? ನಾವಾದ್ರೆ ಮೂರು ಸಲ ಮುಳುಗ್ತೀವಪ್ಪ” ಎಂದರು. ಆ ನೀರನ್ನು ಮಧ್ಯಾಹ್ನ ಸೇವಂತಿಗೆ ಗಿಡಗಳಿಗೆ ಬಿಟ್ಟರು.

ಅಂದೇ ಅಲ್ಲಿ ನಡೆದ ಕರ್ತನ ಭೋಜನಕ್ಕೆ ಲೋಟಗಳನ್ನು ತಟ್ಟೆ ಸಮೇತ ಕೊಟ್ಟವರು ಊರಿನ ಮೆಥೋಡಿಸ್ಟ್ ಬಂಧುಗಳು. ದೀಕ್ಷಾಸ್ನಾನಕ್ಕೆ ನೀರು ಎಷ್ಟಿರಬೇಕು ಎಂಬ ವಿಷಯದಲ್ಲಿ ನಮಗೂ ಅವರಿಗೂ ಇರುವ ಭಿನ್ನಾಭಿಪ್ರಾಯ ಹಾಗೆಯೇ ಇದೆ. ಲೋಟಗಳಲ್ಲಿ ಒಂದೂ ಒಡೆಯಲಿಲ್ಲ.

ಕ್ರಿಸ್ಮಸ್ ಹಿಂದಿನ ರಾತ್ರಿಯ ಮತ್ತು ಹಬ್ಬದ ಬೆಳಗಿನ ಆರಾಧನೆಗೆ ಕಲ್ಯಾಣ ಮಂಟಪವೊಂದರ ಮಾಲೀಕರು ಇಡೀ ಮಂಟಪವನ್ನು ಬಿಟ್ಟುಕೊಟ್ಟರು. “ಧನುರ್ಮಾಸದಲ್ಲಿ ಮದುವೆ ಎಲ್ಲಿ ಸ್ವಾಮಿ, ನನಗೂ ನೀವೊಬ್ಬರೇ ಗಿರಾಕಿ” ಎಂದು ನಕ್ಕು, ಕರೆಂಟಿನ ಖರ್ಚನ್ನು ಮಾತ್ರ ಪಡೆದರು. ಆ ರಾತ್ರಿಯ ಓದು ಎಂದಿನಂತೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ. ಯೇಸು ಹುಟ್ಟುವ ಹೊತ್ತಿನಲ್ಲಿ ಮರಿಯಳಿಗೂ ಯೋಸೇಫನಿಗೂ ಸತ್ರದಲ್ಲಿ ಸ್ಥಳವಿಲ್ಲದ ಭಾಗ ಬಂದಾಗ ಈ ವರ್ಷದ ಪ್ರಸಂಗ ಯಾವ ದಾರಿ ಹಿಡಿಯುತ್ತದೆಂದು ನಮಗೆಲ್ಲ ಗೊತ್ತಿದೆಯೆಂದು ಕೂತಿದ್ದೆವು. ಅಯ್ಯನವರು ಕನ್ನಡಕ ತೆಗೆದು, ಈ ವಾಕ್ಯವನ್ನು ನಮ್ಮ ಕಥೆಯೆಂದು ಹೇಳಿಕೊಳ್ಳಲು ಈ ಸಲ ನಮಗೆ ಹಕ್ಕಿಲ್ಲ, ಕೇಳಿದಲ್ಲೆಲ್ಲ ಜಾಗ ಸಿಕ್ಕಿದೆ, ಕೇಳದಿದ್ದಲ್ಲಿಯೂ ಸಿಕ್ಕಿದೆ ಎಂದರು. ಅನಂತರ ಸೀದಾ ಕುರುಬರ ಭಾಗಕ್ಕೆ ಹೋದರು.

ಈಗ ಹಿಂದಿನ ಗೋಡೆಯನ್ನು ಸಿಮೆಂಟ್ ಇಟ್ಟಿಗೆಯಲ್ಲಿ ಕಟ್ಟಿಯಾಗಿದೆ, ಸೂರಿಗೆ ಸದ್ಯಕ್ಕೆ ಶೀಟು ಹೊದಿಸಿದ್ದೇವೆ, ಬೇಸಿಗೆಯಲ್ಲಿ ಕಾಯುತ್ತದೆಂದು ಗೊತ್ತಿದ್ದೂ. ಸಾಹೇಬರ ಕ್ರೇಟುಗಳನ್ನು ಸಂಕ್ರಾಂತಿಗೆ ಮೊದಲೇ ತೊಳೆದು, ಎಣಿಸಿ ಹಿಂದಿರುಗಿಸಿದೆವು. ಮೇಣ ಕರಗಿ ಮೂಲೆಗಳಿಗೆ ಹಿಡಿದುಕೊಂಡ ಕೆಂಪು ಕ್ರೇಟೊಂದನ್ನು ಕೊಡಲಾಗಲಿಲ್ಲ. ಅದರ ಬೆಲೆ ಎಷ್ಟೆಂದು ಮೂರು ಸಲ ಕೇಳಿದ್ದೇನೆ. ಅವರು ಇನ್ನೂ ಹೇಳಿಲ್ಲ.