ವ್ಯಾನ್ ಅಕ್ಕ, ನಿಮಗೆ ತುಂಬಾ ಥ್ಯಾಂಕ್ಸ್

ಹೆಸರು ಕೇಳ್ಕೊಳ್ಳೋಕೂ ಆಗ್ಲಿಲ್ಲ, ಆದ್ರೆ ಅವತ್ತು ಪಕ್ಕದಲ್ಲಿ ವ್ಯಾನ್ ನಿಲ್ಸಿದ್ದ ಆ ಅಕ್ಕಂಗೆ ಮನಸಾರೆ ಥ್ಯಾಂಕ್ಸ್ ಹೇಳ್ಲೇಬೇಕು. ನಾವು ರಾತ್ರಿ ಗಾಡಿ ಒಳಗೇ ಮಲಗೋದು, ಬೆಳಗಾದ್ರೆ ಗಾಜಿನ ಒಳಗಡೆ ನೀರು ಇಳೀತಿತ್ತು, ಹಾಸಿಗೆ ಅಡಿ ಕೈ ಇಟ್ರೆ ಒದ್ದೆ ಒದ್ದೆ, ಮಗಳಿಗೆ ಕೆಮ್ಮು ಬೇರೆ. ಅಕ್ಕ ನೋಡಿದವ್ರೇ, ಇದು ಲೀಕ್ ಅಲ್ಲಮ್ಮ, ನೀವು ಬಿಡೋ ಉಸಿರಿನ ಆವಿನೇ ತಣ್ಣಗಿರೋ ಗಾಜು ತಗಡಿಗೆ ತಾಗಿ ನೀರಾಗೋದು ಅಂತ ಹೇಳಿ, ಎದುರುಬದುರು ಎರಡು ಕಿಟಕಿ ಬೆರಳಷ್ಟು ಇಳಿಸಿಟ್ರು, ತಮ್ಮ ಗಾಡಿಯಿಂದ ಮರದ ಪಟ್ಟಿ ತಂದು ಹಾಸಿಗೆ ಕೆಳಗೆ ಗಾಳಿ ಆಡೋ ಹಾಗೆ ತಾವೇ ಕೂತು ಜೋಡಿಸಿದ್ರು, ದುಡ್ಡು ಅಂದ್ರೆ ಕೈ ಆಡಿಸ್ಬಿಟ್ರು.

ಎಷ್ಟೇ ಚಳಿ ಇರ್ಲಿ ಒಳಗೆ ಸ್ಟೋವ್ ಹಚ್ಚಿಟ್ಟೋ ಇಂಜಿನ್ ಆನ್ ಇಟ್ಟೋ ಮಲಗೋದು ಬೇಡವೇ ಬೇಡ, ಅದ್ರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೇಲಿ ಗೊತ್ತೇ ಆಗಲ್ಲ ಅಂತ ಒತ್ತಿ ಒತ್ತಿ ಹೇಳಿದ್ರು. ಅದರ ಅಲಾರಂ ತಗೊಂಡ್ವಿ, ತಲೆ ಹತ್ರಾನೇ ಇದೆ. ಇಳಿಜಾರಲ್ಲಿ ನಿಲ್ಸಲೇಬೇಕಾದ್ರೆ ತಲೆ ಎತ್ತರದ ಕಡೆ ಇರ್ಲಿ ಅಂದಿದ್ದೂ ಅವರೇ.

ಈಗ ಹಾಸಿಗೆ ಒಣಗಿರುತ್ತೆ, ಮಗಳು ಬೆಳಗಿನವರೆಗೂ ಏಳಲ್ಲ. ಅಕ್ಕ, ಇದು ನಿಮ್ಮ ಕಣ್ಣಿಗೆ ಬಿದ್ರೆ ದಯವಿಟ್ಟು ಒಂದು ಮೆಸೇಜ್ ಹಾಕಿ, ನಿಮ್ಮ ಪಟ್ಟಿಗಳು ಇನ್ನೂ ನಮ್ಮ ಹತ್ರಾನೇ ಇವೆ.