ಬನ್ ಯಾಕೆ ಬದಲಾಯ್ತು: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಹೋದ ತಿಂಗಳಿಂದ ನಿಮ್ಮ ತಟ್ಟೆಗೆ ಬರುತ್ತಿರುವ ಬರ್ಗರಿನ ಬನ್ ಬೇರೆ. ಇದನ್ನು ನಾವು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಮ್ಮದೇ, ಕ್ಷಮಿಸಿ. ನಮಗೆ ಬನ್ ಕೊಡುತ್ತಿದ್ದ ಬೇಕರಿ ಯಜಮಾನರು ಅಂಗಡಿ ಮುಚ್ಚಿದ ಸುದ್ದಿ ಬಸವನಗುಡಿಗೆಲ್ಲ ಗೊತ್ತು, ನೀವೂ ಅರ್ಥ ಮಾಡಿಕೊಳ್ಳುತ್ತೀರಿ ಅಂದುಕೊಂಡು ಸುಮ್ಮನಿದ್ದೆವು. ಈಗ ಬನ್ ನಮ್ಮ ಅಡುಗೆಮನೆಯಲ್ಲೇ ಆಗುತ್ತಿದೆ. ಬರುವ ಸೋಮವಾರದಿಂದ ಬೆಲೆಯೂ ಏರುತ್ತದೆ. ಮಟನ್ ಬರ್ಗರ್ 390 ಇದ್ದದ್ದು 420, ವೆಜ್ ಬರ್ಗರ್ 260 ಇದ್ದದ್ದು 280.

'ಬರ್ಗರ್ ಚಿಕ್ಕದಾಯ್ತು.' ಬಿಲ್ ಕೌಂಟರಿನಲ್ಲಿ ದಿನಕ್ಕೆ ಐದಾರು ಸಲ ಈ ಮಾತು ಕೇಳುತ್ತೇವೆ. ಪ್ರತಿ ಸಲವೂ ಮನಸ್ಸಿಗೆ ನಾಟುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬನ್ನಿನ ಅಗಲ ಕಡಿಮೆಯಾಗಿರುವುದು ನಿಜ. ಹಳೆಯದು ಐದು ಇಂಚು, ಇದು ನಾಲ್ಕು. ಆದರೆ ತಕ್ಕಡಿಗೆ ಹಾಕಿದರೆ ಹಳೆಯದು 70 ಗ್ರಾಂ, ಹೊಸದು 80. ಹಳೆಯ ಬನ್ ಹಗುರ, ಒಳಗೆಲ್ಲ ಗಾಳಿ. ಟೀ ಜೊತೆ ತಿನ್ನಲು ಅದರಷ್ಟು ಚೆನ್ನಾದ ಬನ್ ಇರಲಿಲ್ಲ. ಮಾಂಸದ ರಸ ಇಳಿದಾಗ ಮಾತ್ರ ಕೊನೆಯ ಎರಡು ತುತ್ತಿಗೆ ನೆನೆದು ಕೈಯಲ್ಲೇ ಹರಿದುಹೋಗುತ್ತಿತ್ತು. ಎಷ್ಟೋ ಜನ ಚಮಚ ಕೇಳಿ ತಿಂದಿದ್ದೀರಿ, ಅಲ್ವಾ? ಹೊಸ ಬನ್ನಿಗೆ ಬೇಯಿಸಿದ ಆಲೂಗಡ್ಡೆ, ಹಾಲು, ಬೆಣ್ಣೆ ಹಾಕಿ ನಾದುತ್ತೇವೆ. ಆಲೂಗಡ್ಡೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬನ್ ಮೆತ್ತಗೇ ಇರುತ್ತದೆ, ಮುರಿಯುವುದಿಲ್ಲ. ಕೊಯ್ದ ಮೈಗೆ ಬೆಣ್ಣೆ ಸವರಿ ತವಾ ಮೇಲೆ ಕೆಂಪಗೆ ಮಾಡುವುದರಿಂದ ರಸವೂ ಬೇಗ ಒಳಗಿಳಿಯುವುದಿಲ್ಲ.

ಇನ್ನು ಪ್ಯಾಟಿ. ಅದರಲ್ಲಿ ಒಂದು ಗ್ರಾಮನ್ನೂ ನಾವು ಕಡಿಮೆ ಮಾಡಿಲ್ಲ. ಮೊದಲೂ ಹಸಿ ಖೀಮಾ 150 ಗ್ರಾಂ, ಈಗಲೂ 150 ಗ್ರಾಂ. ಐದು ಇಂಚಿನ ಬನ್ನಿಗೆ ಸರಿಹೋಗಲಿ ಅಂತ ಮೊದಲು ಅಗಲಕ್ಕೆ ತಟ್ಟುತ್ತಿದ್ದೆವು, ಈಗ ದಪ್ಪಗೆ ತಟ್ಟುತ್ತೇವೆ. ಬೆಂದ ಮೇಲೆ ಕೊಬ್ಬು, ನೀರು ಇಳಿದು ಕಾಲು ಭಾಗದಷ್ಟು ತೂಕ ಹೋಗುತ್ತದೆ. ಅದು ಯಾವ ಖೀಮಾಗಾದರೂ ಆಗುವುದೇ. ಅನುಮಾನ ಇದ್ದರೆ ಕೇಳಿ, ನಿಮ್ಮ ಪ್ಯಾಟಿಯನ್ನು ನಿಮ್ಮೆದುರೇ ತೂಗಿ ತವಾಕ್ಕೆ ಹಾಕುತ್ತೇವೆ. ದಪ್ಪ ಪ್ಯಾಟಿ ಬೇಯಲು ನಾಲ್ಕೈದು ನಿಮಿಷ ಜಾಸ್ತಿ ಬೇಕು. ಖೀಮಾ ಒಳಗೆ ಹಸಿ ಉಳಿಯಬಾರದು, ನಡುವೆ 71 ಡಿಗ್ರಿ ಮುಟ್ಟುವ ತನಕ ನಾವು ಇಳಿಸುವುದಿಲ್ಲ. ದಯವಿಟ್ಟು ಅಷ್ಟು ಹೊತ್ತು ಕಾಯಿರಿ.

ಬೆಲೆ ವಿಷಯಕ್ಕೆ ಬರುತ್ತೇನೆ. '2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳೀತಲ್ಲ, ನೀವು ಮಾತ್ರ ಯಾಕೆ ಏರಿಸ್ತೀರಿ?' ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೆಣ್ಣೆ, ಚೀಸ್ ಮೇಲೆ ಶೇ. 12 ಇದ್ದ ತೆರಿಗೆ ಶೇ. 5 ಆಯಿತು. ಒಂದು ಬರ್ಗರಿಗೆ ಲೆಕ್ಕ ಹಾಕಿದರೆ ನಮಗೆ ಉಳಿಯುವುದು ಎರಡು ರೂಪಾಯಿಗಿಂತ ಕಡಿಮೆ. ನಿಮ್ಮ ಬಿಲ್ಲಿನಲ್ಲಿ ಕಾಣುವ ಶೇ. 5 ಆಗಲೂ ಅಷ್ಟೇ, ಈಗಲೂ ಅಷ್ಟೇ, ಅದು ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುವ ಹಣವಲ್ಲ. ಅಂಗಡಿ ಬಾಡಿಗೆ ಮೇಲೆ ಶೇ. 18, 19 ಕಿಲೋ ಗ್ಯಾಸ್ ಸಿಲಿಂಡರ್ ಮೇಲೆ ಶೇ. 18 ಕಟ್ಟುತ್ತೇವೆ. ಬೇರೆ ವ್ಯಾಪಾರದವರು ತಾವು ಕಟ್ಟಿದ ಇಂಥ ತೆರಿಗೆಯನ್ನು ಸರ್ಕಾರಕ್ಕೆ ಮುಂದೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ನಮ್ಮಂಥ ಹೋಟೆಲಿನವರಿಗೆ 2017ರ ನವೆಂಬರ್‌ನಿಂದ ಆ ಸೌಲಭ್ಯ ಇಲ್ಲ. ಅಷ್ಟೂ ನಮ್ಮ ಖರ್ಚೇ. ಇದು ಗೊತ್ತಿಲ್ಲದೆ ಯಾರಾದರೂ 'ಜಿಎಸ್‌ಟಿ ದುಡ್ಡು ನುಂಗ್ತಾರೆ' ಅಂದಾಗ ತುಂಬಾ ನೋವಾಗುತ್ತದೆ.

ಬೇಕರಿಯಿಂದ ತರುವಾಗ ಒಂದು ಬನ್ನಿಗೆ 9 ರೂಪಾಯಿ ಕೊಡುತ್ತಿದ್ದೆವು. ನಾವೇ ಮಾಡುವ ಬನ್ನಿಗೆ 24 ಬೀಳುತ್ತದೆ. ಬೆಳಿಗ್ಗೆ ಐದಕ್ಕೆ ಬಂದು ಹಿಟ್ಟು ನಾದುವ ಹುಡುಗರ ಸಂಬಳ, ಓವನ್ನಿನ ಕರೆಂಟು ಎಲ್ಲ ಅದರಲ್ಲೇ ಸೇರಿದೆ. ಖೀಮಾ ದರ ಏರಿದ್ದರಿಂದ ಪ್ಯಾಟಿ ಮೇಲೂ 12 ರೂಪಾಯಿ ಜಾಸ್ತಿ ಆಗಿದೆ. ಎರಡು ವರ್ಷ ನಾವು ಬೆಲೆ ಮುಟ್ಟಿರಲಿಲ್ಲ. ಕಡಿಮೆ ದರದ ಫ್ರೋಜನ್ ಪ್ಯಾಟಿ ಕೊಡುತ್ತೇವೆ ಅಂತ ಮೂರು ಕಡೆಯವರು ಬಂದು ಕೇಳಿದರು, ಬೇಡ ಅಂದೆವು. ಖೀಮಾ ಅವತ್ತಿಂದು ಅವತ್ತೇ ಇಲ್ಲೇ ಆಗಬೇಕು. ಅದರಲ್ಲಿ ರಾಜಿ ಇಲ್ಲ.

ವೆಜ್ ತಿನ್ನುವವರಿಗೆ ಒಂದು ಮಾತು. ಹೊಸ ಬನ್ನಿನಲ್ಲಿ ಮೊಟ್ಟೆ ಇಲ್ಲ. ಮೇಲೆ ಹೊಳಪು ಬರಲಿ ಅಂತ ಸವರುವುದೂ ಹಾಲನ್ನೇ. ಅಲಸಂದೆ-ಬೀಟ್ರೂಟ್ ಪ್ಯಾಟಿಗೆ ತವಾ, ಸಟ್ಟುಗ ಎಲ್ಲ ಮೊದಲಿನ ಹಾಗೆ ಬೇರೆಯೇ. ಅಮ್ಮನನ್ನು, ಅಜ್ಜಿಯನ್ನು ಕರೆದುಕೊಂಡು ಬರುವವರು ಇದನ್ನು ಕೇಳುತ್ತಲೇ ಇದ್ದೀರಿ. ಅವರಿಗೂ ಧೈರ್ಯವಾಗಿ ಹೇಳಿ.

ಪಾರ್ಸಲ್ ತರಿಸಿ ಹೊಸ ಬನ್ ಚೆನ್ನಾಗಿಲ್ಲ ಅಂದವರು ದಯವಿಟ್ಟು ಒಂದು ಸಲ ಇಲ್ಲಿ ಬಂದು ಕೂತು ತಿನ್ನಿ. ಅರ್ಧ ಗಂಟೆ ಡಬ್ಬಿಯಲ್ಲಿ ಬೆವತ ಬರ್ಗರ್ ಬೇರೆ, ತವಾದಿಂದ ನೇರ ಟೇಬಲ್ಲಿಗೆ ಬಂದದ್ದು ಬೇರೆ. ಭಾನುವಾರ ರಾತ್ರಿ ತನಕ ಹಳೆಯ ಬೆಲೆಯೇ ಇರುತ್ತದೆ. ಇಷ್ಟವಾಗದಿದ್ದರೆ ಹೋಗುವಾಗ ಹೇಳಬೇಡಿ, ತಿನ್ನುತ್ತಿರುವಾಗಲೇ ಕರೆಯಿರಿ. ಬೇರೆ ಮಾಡಿಕೊಡುತ್ತೇವೆ. ಸಂಜೆ ಆರರಿಂದ ತವಾ ಮುಂದೆ ನಾನೇ ಇರುತ್ತೇನೆ.

ಅಡುಗೆಮನೆಯ ಎಲ್ಲರ ಪರವಾಗಿ,
ನಿಮ್ಮ ಬರ್ಗರ್ ಅಂಗಡಿಯವರು